ಕುಡಿಯದವಳು ಆರಿಸಿದ ವಿಸ್ಕಿ

ನಮ್ಮ ಅಡುಗೆಮನೆಯಲ್ಲಿ ಸ್ಟೀಲ್ ಲೋಟಗಳ ಸಾಲಿನ ಕೊನೆಗೆ ಒಂದು ಗಾಜಿನ ಲೋಟ ಬೋರಲಾಗಿ ಕೂತಿರುತ್ತದೆ. ಕೆಳಗೆ ದಪ್ಪ ಹೊಟ್ಟೆ, ಮೇಲೆ ಸಣ್ಣ ಬಾಯಿ, ನಿಲ್ಲಲು ಒಂದು ಗಿಡ್ಡ ಕಾಲು. ನನ್ನ ಕಣ್ಣಿಗೆ ದಿನ ತುಂಬಿದ ಬಸುರಿಯ ಹಾಗೆ ಕಾಣುತ್ತದೆ. ಸಕ್ಕರೆ ಕಾಯಿಲೆಯವಳಾದ ನಾನು ಬೆಳಿಗ್ಗೆ ಎದ್ದು ಮೆಂತ್ಯ ನೆನೆಸಿದ ನೀರನ್ನು ಅದರಲ್ಲೇ ಕುಡಿಯುವುದು. ಮನೆಗೆ ಬಂದವರು ನೋಡಿ, ಇದೇನಜ್ಜಿ ಹೂದಾನಿಯಲ್ಲಿ ಕುಡೀತೀರಿ ಅಂತ ನಗುತ್ತಾರೆ. ಅದು ವಿಸ್ಕಿ ಲೋಟ ಕಣಮ್ಮಾ ಅಂದರೆ ನಗು ನಿಂತುಹೋಗುತ್ತದೆ.

ವಿಸ್ಕಿ ಅಂದರೂ ಬರೀ ವಿಸ್ಕಿ ಅಲ್ಲ, ಸಿಂಗಲ್ ಮಾಲ್ಟು. ಅದನ್ನು ಕುಡಿಯಲೆಂದೇ ಮಾಡಿದ ಲೋಟದಲ್ಲಿ ಮೆಂತ್ಯದ ನೀರು ಕುಡಿದರೆ ನನ್ನ ಮೊಮ್ಮಗಳು ಲಾಸ್ಯಾಗೆ ಹೊಟ್ಟೆ ಉರಿಯುತ್ತದೆ. ಕಹಿ ಕುಡಿಯೋಕೆ ತಾನೇ ಮಾಡಿದ್ದು, ಯಾವ ಕಹಿಯಾದರೇನು ಅಂತ ನಾನು ಅವಳ ಬಾಯಿ ಮುಚ್ಚಿಸುತ್ತೇನೆ.

ಲಾಸ್ಯಾ ವಿಷಯ ಬಂದ ಮೇಲೆ ಸ್ವಲ್ಪ ತಡೆದುಕೊಳ್ಳಿ, ನನಗೆ ಬೇಗ ಮುಗಿಸಲು ಬರುವುದಿಲ್ಲ. ನನಗಿರುವವಳು ಒಬ್ಬಳೇ ಮಗಳು, ಅವಳಿಗಿರುವವಳು ಒಬ್ಬಳೇ ಮಗಳು. ವಿಶಾಖಪಟ್ಟಣದ ಬೀಚ್ ರೋಡಿನಲ್ಲಿ ಸಮುದ್ರಕ್ಕೆ ಮುಖ ಮಾಡಿ ನಿಂತಿರುವ ದೊಡ್ಡ ಹೋಟೆಲೊಂದರಲ್ಲಿ ಅವಳಿಗೆ ಕೆಲಸ ಸಿಕ್ಕಿದ ದಿನ ನಾನು ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ ಹೇಳಿದೆ. ಹಾಲಿನವನಿಗೆ ಹೇಳಿದೆ. ಯಾರೋ ತಪ್ಪು ನಂಬರಿಗೆ ಫೋನ್ ಮಾಡಿದ್ದರು, ಅವರನ್ನೂ ಬಿಡದೆ ಹೇಳಿದೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು ಹೊಸಪೇಟೆ ಕಾಲುವೆ ದಂಡೆಯಲ್ಲಿ ಎಮ್ಮೆ ಕಾದವಳು ನಾನು. ನನ್ನ ಮೊಮ್ಮಗಳು ಕರಿ ಕೋಟು ತೊಟ್ಟು, ಕೂದಲನ್ನು ಹಿಂದಕ್ಕೆ ಬಿಗಿದು ಕಟ್ಟಿ, ದೊಡ್ಡ ದೊಡ್ಡವರಿಗೆ ಇಂಗ್ಲಿಷಿನಲ್ಲಿ ಬುದ್ಧಿ ಹೇಳುವುದೆಂದರೆ ಸಾಮಾನ್ಯವೇ.

ಏನು ಬುದ್ಧಿ ಹೇಳುತ್ತಾಳೆ ಅನ್ನುವುದು ಮಾತ್ರ ನನಗೆ ಕೆಲವು ದಿನ ತಿಳಿಯಲಿಲ್ಲ. ಬಾರ್ಲಿಯನ್ನು ನೆನೆಹಾಕಿ, ಮೊಳಕೆ ಬರಿಸಿ, ಒಣಗಿಸಿ ಮಾಡುವ ಮಾಲ್ಟು, ಅದರಲ್ಲಿ ಹೊಸಬರಿಗೆ ಯಾವುದು ಹಿಡಿಸುತ್ತದೆ ಅಂತ ಆರಿಸಿ ಕೊಡುವುದು ನನ್ನ ಕೆಲಸ ಅಂದಿದ್ದಳು. ಅಯ್ಯೋ, ಅದು ನನ್ನ ಕೆಲಸವೇ ಅಂದುಕೊಂಡೆ. ರಾಗಿ ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬರಿಸಿ, ಒಣಗಿಸಿ, ಬೀಸಿ, ಸೋಸಿ ಇವಳಿಗೆ ಕುಡಿಸಿದ್ದು ಯಾರು? ನಮ್ಮ ಮೇಲಿನ ಮನೆಗೆ ಕರ್ನಾಟಕದಿಂದ ವರ್ಗವಾಗಿ ಬಂದ ಬ್ಯಾಂಕಿನವರು ಇದ್ದಾರೆ. ಅವರ ಹೆಂಡತಿಗೆ ಕೈಗೂಸು. ಆಕೆಗೆ ಹೆಮ್ಮೆಯಿಂದ ಹೇಳಿದೆ. ಆಕೆ ಪಾಪ, ನಮ್ಮ ಪಾಪುಗೂ ಒಂದು ಕೇಜಿ ತಂದುಕೊಡೋಕೆ ಹೇಳಿ ಅಜ್ಜಿ, ಅಂಗಡಿಯದಕ್ಕಿಂತ ಹೋಟೆಲಿನದು ಚೆನ್ನಾಗಿರುತ್ತೆ ಅಂದಳು. ನಾನು ಆಗಲಿ ಅಂದುಬಿಟ್ಟೆ. ಆ ಸಂಜೆ ಲಾಸ್ಯಾ ನಕ್ಕು ನಕ್ಕು ಸೋಫಾದಿಂದ ಕೆಳಗೆ ಜಾರಿದಳು. ಆಮೇಲೆ ಮೆಲ್ಲಗೆ ಪಕ್ಕಕ್ಕೆ ಬಂದು ಕೂತು, ಆ ಮಾಲ್ಟನ್ನು ಭಟ್ಟಿ ಇಳಿಸಿದರೆ ಏನಾಗುತ್ತದೆ ಅಂತ ಹೇಳಿದಳು.

ನನ್ನ ಮಗಳು ಸುಮಿತ್ರಾಗೆ ಅದು ನನಗಿಂತ ಮುಂಚೆಯೇ ಗೊತ್ತಾಗಿತ್ತು. ಅವಳು ಸ್ಕೂಲ್ ಟೀಚರ್. ಮಾತಾಡಿ ಮಾತಾಡಿ ದುಡಿಯುವವಳು ಮಗಳ ಹತ್ತಿರ ಮಾತು ಬಿಟ್ಟಿದ್ದಳು. ಊಟ ಬಡಿಸುತ್ತಿದ್ದಳು, ಬಟ್ಟೆ ಇಸ್ತ್ರಿಗೆ ಕೊಡುತ್ತಿದ್ದಳು, ಕರಿ ಕೋಟನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಅದು ಕುರ್ಚಿಯ ಮೇಲೆ ಅನಾಥವಾಗಿ ಬಿದ್ದಿರುತ್ತಿತ್ತು. ಅಳಿಯ ಶೇಖರ ತೆಲುಗಿನವರು, ಪೋರ್ಟ್ ಆಫೀಸಿನಲ್ಲಿ ಕೆಲಸ, ಬಹಳ ಮೆದು. ಇಬ್ಬರ ನಡುವೆ ನಾನೇನು ಹೇಳಲಿ ಅತ್ತಯ್ಯಾ ಅಂತ ಪೇಪರ್ ಹಿಡಿದು ಬಾಲ್ಕನಿಗೆ ಹೋಗಿಬಿಡುತ್ತಿದ್ದರು. ಹೀಗೆ ನನ್ನ ಖುಷಿಯನ್ನು ಮನೆಯೊಳಗೆ ಯಾರ ಹತ್ತಿರವೂ ಹೇಳಿಕೊಳ್ಳಲಾಗದೆ ಲಿಫ್ಟಿನವರ ಪಾಲು ಮಾಡಿದ್ದೆ.

ಸುಮಿ ಯಾಕೆ ಹಾಗೆ ಅನ್ನುವುದಕ್ಕೆ ಅವಳ ಅಪ್ಪನ ವಿಷಯ ಹೇಳಬೇಕು. ಹೇಳುತ್ತೇನೆ, ಬಾಯಿ ಕಹಿಯಾದರೆ ನನ್ನನ್ನು ಬೈಯಬೇಡಿ.

ಮದುವೆಯಾಗಿ ನಾನು ಹೊಸಪೇಟೆಯಿಂದ ಸೀದಾ ಬಂದಿಳಿದದ್ದು ವಿಜಯವಾಡದ, ನಮ್ಮ ಬಾಯಲ್ಲಿ ಬೆಜವಾಡದ, ಒನ್ ಟೌನ್ ಪೇಟೆಗೆ. ನಮ್ಮ ಮನೆಯವರು ಅಲ್ಲಿ ಲಾರಿ ಬುಕಿಂಗ್ ಆಫೀಸಿನಲ್ಲಿ ಗುಮಾಸ್ತರು. ಎದುರಿಗೆ ಒಣಮೆಣಸಿನಕಾಯಿ ಮಂಡಿ, ಪಕ್ಕದಲ್ಲಿ ಬಟ್ಟೆಯ ಮೂಟೆಗಳು, ತಿರುವಿನಲ್ಲಿ ಬ್ರಾಂದಿ ಅಂಗಡಿ. ಮದುವೆಯಾದ ಹೊಸತರಲ್ಲಿ ಸಂಜೆ ಬರುವಾಗ ಮಲ್ಲಿಗೆ ತರುತ್ತಿದ್ದರು. ಆಮೇಲಾಮೇಲೆ ಮಲ್ಲಿಗೆ ತಂದ ದಿನ ನನಗೆ ಭಯವಾಗುತ್ತಿತ್ತು, ಯಾಕೆಂದರೆ ಹೂವು ಮೂಗಿಗೆ ಅಡ್ಡ ಬರಲಿ ಅಂತ ತರುವುದು ಶುರುವಾಗಿತ್ತು. ಹೂವು ಸಿಗದ ದಿನ ಪೇರಲೆ ಎಲೆ ಜಗಿದು ಬರುತ್ತಿದ್ದರು.

ನನ್ನ ಮೂಗು ಪಳಗಿದ್ದು ಹಾಗೆ. ದೀಪ ಹಚ್ಚುವ ಹೊತ್ತಿಗೆ ಬಾಗಿಲಲ್ಲಿ ನಿಲ್ಲುತ್ತಿದ್ದೆ. ಅವರು ಮೆಟ್ಟಿಲು ಹತ್ತುವಾಗಲೇ ಗಾಳಿ ಹೇಳಿಬಿಡುತ್ತಿತ್ತು. ಸ್ವಲ್ಪ ಆಗಿದ್ದರೆ ತಟ್ಟೆ ಹಾಕುವುದು. ಜಾಸ್ತಿ ಆಗಿದ್ದರೆ ಸುಮಿಯನ್ನು ಪಕ್ಕದ ಮನೆಗೆ ಕಳಿಸಿ ಆಮೇಲೆ ತಟ್ಟೆ ಹಾಕುವುದು. ಬೇರೆಯವರ ಮನೆಯಲ್ಲಿ ತುಪ್ಪ ಕರಗಿದ ವಾಸನೆ, ಹುಳಿ ಕುದಿದ ವಾಸನೆ ನೋಡಿ ಅಡುಗೆ ಕಲಿಯುತ್ತಾರೆ. ನಾನು ಗಂಡನ ವಾಸನೆ ನೋಡಿ ಸಂಸಾರ ಕಲಿತೆ.

ಅವರು ಕುಡಿಯುವುದನ್ನು ನಾನು ನೋಡಿದ್ದೇನೆ. ಸುಮಿಗೆ ಜ್ವರ ಬಂದಾಗ ಕರೆಯಲು ಆ ಅಂಗಡಿಯವರೆಗೂ ಹೋಗಿದ್ದೆ. ಕಟ್ಟೆಗೆ ಮೊಣಕೈ ಊರಿ ನಿಂತಿದ್ದರು. ಪ್ಲಾಸ್ಟಿಕ್ ಲೋಟ ಎತ್ತಿ, ಎಡಗೈಯಲ್ಲಿ ಮೂಗು ಹಿಡಿದು, ಕಣ್ಣು ಮುಚ್ಚಿ, ಹರಳೆಣ್ಣೆ ಕುಡಿಯುವ ಮಗುವಿನ ಹಾಗೆ ಒಂದೇ ಏಟಿಗೆ ಸುರುವಿಕೊಂಡರು. ಆಮೇಲೆ ಮೈಯೆಲ್ಲ ಒಮ್ಮೆ ಕೊಡವಿ ಉಪ್ಪಿನಕಾಯಿ ನೆಕ್ಕಿದರು. ಇಷ್ಟು ಅಸಹ್ಯಪಡುವುದನ್ನು ಯಾಕೆ ಕುಡಿಯುತ್ತಾರೆ ಅಂತ ಅವತ್ತು ಅಲ್ಲೇ ನಿಂತು ಯೋಚಿಸಿದೆ. ಇವತ್ತಿನವರೆಗೂ ತಿಳಿದಿಲ್ಲ. ಕೊನೆಗೆ ಹೊಟ್ಟೆ ಊದಿ, ಕಾಲು ಊದಿ, ಆಸ್ಪತ್ರೆಯಲ್ಲಿ ಹೋದರು. ಆಗ ಸುಮಿಗೆ ಇನ್ನೂ ಮದುವೆ ಆಗಿರಲಿಲ್ಲ.

ನಮ್ಮಲ್ಲಿ ಪಿತೃಪಕ್ಷದ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುತ್ತೇವೆ. ಹೋದವರ ಫೋಟೋ ಮುಂದೆ ಬಾಳೆಯೆಲೆ ಹಾಕಿ, ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸುವುದು. ಮಾಂಸ ತಿನ್ನುತ್ತಿದ್ದವರಿಗೆ ಮಾಂಸ, ಬೀಡಿ ಸೇದುತ್ತಿದ್ದವರಿಗೆ ಬೀಡಿ. ಕುಡಿಯುತ್ತಿದ್ದವರಿಗೆ ಅದೂ ಇಡುತ್ತಾರೆ. ನಾನು ಮಾತ್ರ ಒಂದು ಸಲವೂ ಇಟ್ಟವಳಲ್ಲ. ಅವರ ಅಕ್ಕ, ನನ್ನ ನಾದಿನಿ, ಹೊಸಪೇಟೆಯಿಂದ ಪ್ರತಿವರ್ಷ ಇದೇ ಮಾತಿಗೆ ಫೋನ್ ಮಾಡುತ್ತಾಳೆ.

"ನನ್ನ ತಮ್ಮ ಬಾಯಾರಿ ಬಾಗಲಾಗೆ ನಿಂತಿರ್ತಾನೆ. ಒಂದು ಗುಟುಕು ಇಟ್ರೆ ನಿನ್ನ ಗಂಟೇನು ಹೋಗ್ತೈತೆ?"

"ನಿಲ್ಲಲಿ ಬಿಡಕ್ಕಾ," ಅನ್ನುತ್ತೇನೆ ನಾನು. "ನಾನು ನಿಂತಿಲ್ಲೇನು ಬಾಗಲಾಗೆ?"

ಈ ಸಲದ ಪಿತೃಪಕ್ಷದಲ್ಲಿ ಲಾಸ್ಯಾಗೆ ಹೋಟೆಲಿನಲ್ಲಿ ಒಂದು ಪರೀಕ್ಷೆ ಇತ್ತು. ಏನೂ ಗೊತ್ತಿಲ್ಲದ ಒಬ್ಬರನ್ನು ಮುಂದೆ ಕೂರಿಸಿಕೊಂಡು, ಬೇರೆ ಬೇರೆ ಮಾಲ್ಟು ಮೂಸಿಸಿ, ಅವರಿಗೆ ಒಪ್ಪುವುದನ್ನು ಆರಿಸಿಕೊಡಬೇಕಂತೆ. ಅದಕ್ಕೆ ಅಭ್ಯಾಸ ಮಾಡಲು ಅವಳಿಗೆ ನಾನು ಬೇಕಾದೆ. ನನಗಿಂತ ಚೆನ್ನಾಗಿ ಏನೂ ಗೊತ್ತಿಲ್ಲದವರು ನಿನಗೆ ವೈಜಾಗಿನಲ್ಲಿ ಸಿಗುವುದಿಲ್ಲ ಅಂತ ಒಪ್ಪಿಕೊಂಡೆ. ಒಪ್ಪಿಕೊಂಡದ್ದು ಬಾಯಿ. ಮೂಗು ಇನ್ನೂ ಒಪ್ಪಿರಲಿಲ್ಲ.

ಮಧ್ಯಾಹ್ನ ಸುಮಿ ಸ್ಕೂಲಿಗೆ, ಶೇಖರ ಆಫೀಸಿಗೆ ಹೋಗಿದ್ದರು. ಲಾಸ್ಯಾ ಊಟದ ಬ್ಯಾಗಿನಿಂದ ಪುಟ್ಟ ಪುಟ್ಟ ಸೀಸೆಗಳನ್ನೂ, ಟವೆಲಿನಲ್ಲಿ ಸುತ್ತಿದ ಈ ಗಾಜಿನ ಲೋಟವನ್ನೂ ತೆಗೆದು ಮೇಜಿನ ಮೇಲಿಟ್ಟಳು. ನಾನು ಹೋಗಿ ದೇವರ ಗೂಡಿನ ಪರದೆ ಎಳೆದೆ. ಗೋಡೆಯ ಮೇಲಿನ ನಮ್ಮವರ ಫೋಟೋವನ್ನು ಹಿಂದುಮುಂದಾಗಿ ತಿರುಗಿಸಿದೆ.

"ಅಮ್ಮಮ್ಮಾ, ತಾತಯ್ಯನ್ನ ಯಾಕೆ ತಿರುಗಿಸಿದೆ?"

"ಆಸೆ ಆಗ್ತೈತವ್ವ, ಪಾಪ."

ಅವಳು ಪಾಠ ಶುರು ಮಾಡಿದಳು. ಒಂದೇ ಭಟ್ಟಿಯಲ್ಲಿ, ಬರೀ ಬಾರ್ಲಿ ಮಾಲ್ಟಿನಿಂದ ಮಾಡಿದ್ದಾದರೆ ಅದಕ್ಕೆ ಸಿಂಗಲ್ ಮಾಲ್ಟು ಅನ್ನುವುದಂತೆ. ಮರದ ಪೀಪಾಯಿಯಲ್ಲಿ ವರ್ಷಗಟ್ಟಲೆ ಮಲಗಿಸುತ್ತಾರಂತೆ. ಪೀಪಾಯಿಯಲ್ಲಿ ಮೊದಲು ಏನಿತ್ತೋ ಅದರ ವಾಸನೆಯೂ ಹತ್ತುತ್ತದಂತೆ. ನಮ್ಮ ಉಪ್ಪಿನಕಾಯಿ ಜಾಡಿಯೂ ಹಾಗೇ ಅಂದೆ. ಹೂಂ, ಹಾಗೇ ಅಂದಳು. ಹೊಸಬರು ಬೆಲೆ ನೋಡಿ ಆರಿಸಬಾರದು, ಎಷ್ಟು ವರ್ಷ ಹಳೆಯದು ಅಂತಲೂ ನೋಡಬಾರದು, ಮೊದಲು ಮೂಗಿಗೆ ಕೇಳಬೇಕು. ಮೂಗನ್ನು ಲೋಟದೊಳಗೆ ತುರುಕಬಾರದು. ಬಾಯಿ ಸ್ವಲ್ಪ ತೆರೆದುಕೊಂಡು ಮೆಲ್ಲಗೆ ಎಳೆದುಕೊಳ್ಳಬೇಕು. ಐಸು, ಸೋಡಾ ಬೇಡ, ನಾಲ್ಕು ಹನಿ ನೀರು ಸಾಕು. ಸಣ್ಣ ಗುಟುಕು, ಅದನ್ನು ನಾಲಿಗೆಯ ಮೇಲೆ ಆಡಿಸಬೇಕು. ಅವಳು ತಾನೇ ಮಾಡಿ ತೋರಿಸಿ, ಪಕ್ಕದ ಡಬ್ಬಿಗೆ ತುಪಕ್ ಅಂತ ಉಗುಳಿದಳು.

ಇದೇನೇ, ಉಗುಳಿಬಿಡ್ತೀಯಾ ಅಂದೆ. ಕೆಲಸದಲ್ಲಿ ನಾವು ನುಂಗೋದಿಲ್ಲ ಅಂದಳು. ಉಗುಳುವುದಕ್ಕೂ ಸಂಬಳ ಕೊಡುವ ಕಾಲ ಬಂತಲ್ಲಪ್ಪ ಅಂತ ಗೋಡೆಯ ಕಡೆ ನೋಡಿದೆ. ಅಲ್ಲಿದ್ದವರು ಬದುಕಿನಲ್ಲಿ ಒಂದು ಹನಿ ಉಗುಳಿದವರಲ್ಲ.

ಮೊದಲನೆಯದು ತೆಳು ಬಣ್ಣದ್ದು, ಒಣಹುಲ್ಲಿನ ಹಾಗೆ. ಹೊಸಬರಿಗೆ ಹಗುರವಾದದ್ದರಿಂದ ಶುರು ಮಾಡಬೇಕು ಅಂತ ಅದನ್ನೇ ಮುಂದಿಟ್ಟಳು. ನಾನು ಲೋಟ ಹಿಡಿಯಲಿಲ್ಲ. ಮಾರ್ಕೆಟ್ಟಿನಲ್ಲಿ ತುಪ್ಪ ನೋಡುವ ಹಾಗೆ ಒಂದು ಹನಿ ಅಂಗೈಗೆ ಹಾಕಿಸಿಕೊಂಡು, ಉಜ್ಜಿ, ಮೂಸಿದೆ. ಹಸಿರು ವಾಸನೆ. ಹಣ್ಣಿನದು, ಹಣ್ಣಿನ ಹಿಂದೆ ಎಲೆಯದು. ಲಾಸ್ಯಾ ಏನೇನೋ ವಿದೇಶಿ ಹಣ್ಣಿನ ಹೆಸರು ಹೇಳುತ್ತಿದ್ದಳು. ನನಗೆ ಕಂಡದ್ದು ಪೇರಲೆ ಎಲೆ. ಒನ್ ಟೌನಿನ ಮೆಟ್ಟಿಲು, ಕತ್ತು ತಗ್ಗಿಸಿ ಹತ್ತಿ ಬರುವ ಗಂಡಸು. ಇದು ಬ್ಯಾಡ ಅಂದೆ.

ಎರಡನೆಯದು ನಮ್ಮ ದೇಶದ್ದೇ. ನಮ್ಮ ಕಡೆಯ ಸೆಕೆಗೆ ಪೀಪಾಯಿಯೊಳಗಿನದು ಬೇಗ ಹಣ್ಣಾಗುತ್ತದಂತೆ. ಚಳಿ ದೇಶದಲ್ಲಿ ಹತ್ತಾರು ವರ್ಷಕ್ಕೆ ಬರುವ ಬಣ್ಣ ಇಲ್ಲಿ ಕೆಲವೇ ವರ್ಷಕ್ಕೆ ಬರುತ್ತದಂತೆ. ಬೆಜವಾಡದ ಸೆಕೆಗೆ ನಾನೂ ಹಾಗೇ ಹಣ್ಣಾದದ್ದು ಅಂದೆ. ಅವಳು ನಗಲಿಲ್ಲ, ನನ್ನ ಕೈಯನ್ನು ಒರೆಸಿ ಕೊಟ್ಟಳು.

ಮೂರನೆಯದನ್ನು ಮೂಸಿದಾಗ ನನಗೆ ಗೊತ್ತಿಲ್ಲದೆ ಆಹಾ ಅಂದೆ. ಬೆಲ್ಲ. ವೈಜಾಗಿನ ದಾರಿಯಲ್ಲಿ ಬೆಲ್ಲದ ಊರು ಅನಕಾಪಲ್ಲಿಯಲ್ಲಿ ಬಸ್ಸು ನಿಂತಾಗ ಕಿಟಕಿಯಿಂದ ಒಳಗೆ ಬರುತ್ತದಲ್ಲ, ಅದೇ. ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಕುದಿದು ಕೆಂಪಾಗಿ, ಇನ್ನೇನು ತಳ ಹತ್ತಬೇಕು ಅನ್ನುವ ಹೊತ್ತಿನದು. ಜೊತೆಗೆ ಒಣದ್ರಾಕ್ಷಿ. ಮೊದಲು ದ್ರಾಕ್ಷಿಯ ವೈನ್ ತುಂಬಿದ್ದ ಪೀಪಾಯಿಯಲ್ಲಿ ಇಟ್ಟದ್ದು, ಅದಕ್ಕೇ ಹಾಗೆ ಅಂದಳು. ಲಾಸ್ಯಾ ಹುಟ್ಟಿದ ಸುದ್ದಿ ಕೇಳಿ ನಾನು ಬೆಜವಾಡದಿಂದ ಬಸ್ಸಿನಲ್ಲಿ ಬರುವಾಗ ಅನಕಾಪಲ್ಲಿಯಲ್ಲಿ ಇಳಿದು ಬೆಲ್ಲದ ಅಚ್ಚು ಕೊಂಡಿದ್ದೆ. ಅದನ್ನು ಮಡಿಲಲ್ಲಿ ಮಗುವಿನ ಹಾಗೆ ಹಿಡಿದುಕೊಂಡು ವೈಜಾಗಿಗೆ ಬಂದೆ. ಸೆಕೆಗೆ ಕರಗಿ ಸೀರೆಯೆಲ್ಲ ಅಂಟಾಗಿತ್ತು. ಆ ಸೀರೆಯಲ್ಲೇ ಕೂಸನ್ನು ಎತ್ತಿಕೊಂಡೆ, ಇರುವೆ ಹತ್ತೀತು ಅಂತ ಆಸ್ಪತ್ರೆಯ ಆಯಾ ಬೈದಳು.

ಕೊನೆಯದನ್ನು ಹೊಸಬರಿಗೆ ಕೊಡಬಾರದು ಅಂತಲೇ ತಂದಿದ್ದಳು. ಯಾಕೆ ಕೊಡಬಾರದು ಅನ್ನುವುದೂ ಪಾಠವಂತೆ. ಅದನ್ನು ಮಾಡುವ ಚಳಿ ದೇಶದಲ್ಲಿ ಜೌಗು ಮಣ್ಣನ್ನು ಒಣಗಿಸಿ, ಸುಟ್ಟು, ಆ ಹೊಗೆಯಲ್ಲಿ ಮಾಲ್ಟು ಒಣಗಿಸುತ್ತಾರಂತೆ. ಹೊಗೆಯ ಹಿಂದೆಯೇ ಆಸ್ಪತ್ರೆಯ ನೆಲ ಒರೆಸಿದ ವಾಸನೆ ಬಂತು. ಮೂಸಿದವಳು ಕೈಯನ್ನು ಸೆರಗಿಗೆ ಒರೆಸಿದೆ, ಹೋಗಲಿಲ್ಲ. ಸೋಪು ಹಾಕಿ ತೊಳೆದೆ. ಆ ವಾರ್ಡು, ಆ ಊದಿದ ಕಾಲು. ಇದನ್ನು ರೊಕ್ಕ ಕೊಟ್ಟು ಕೊಂಡು ಖುಷಿಪಡುವವರು ಇದ್ದಾರಂತೆ. ಅವರು ಆ ವಾರ್ಡಿನಲ್ಲಿ ಕಾಲು ಒತ್ತುತ್ತಾ ಕೂತವರಲ್ಲ, ಅಷ್ಟೇ.

"ಜಾಸ್ತಿ ಆದವರು ಇನ್ನೂ ಹಾಕು ಅಂದ್ರೆ ಏನ್ ಮಾಡ್ತೀ?" ಅಂತ ಕೇಳಿದೆ. ನನಗೆ ಬೇಕಿದ್ದ ಪಾಠ ಅದೊಂದೇ.

ಲಾಸ್ಯಾ ಲೋಟದ ಬಾಯಿಯ ಮೇಲೆ ಅಂಗೈ ಅಡ್ಡ ಹಿಡಿದು, ನನ್ನನ್ನು ನೋಡಿ ನಕ್ಕಳು. ಎಲೆಯ ಮುಂದೆ ಕೂತವರು ಬಡಿಸಲು ಬಂದಾಗ ಸಾಕು ಅಂತ ಕೈ ಅಡ್ಡ ಹಿಡಿಯುತ್ತಾರಲ್ಲ, ಹಾಗೆ. ಎಲ್ಲಿ ಕಲಿತೆ ಅಂದೆ. ಇದು ನಿನ್ನದೇ ಅಮ್ಮಮ್ಮಾ, ಮದುವೆ ಮನೆಗಳಲ್ಲಿ ನೋಡಿದ್ದೆ ಅಂದಳು. ತಿನ್ನುವವರು ತಮ್ಮ ಎಲೆಗೆ ಅಡ್ಡ ಹಿಡಿಯುವುದು ನಮ್ಮ ಪದ್ಧತಿ. ಇನ್ನೊಬ್ಬರ ಲೋಟಕ್ಕೆ ಅಡ್ಡ ಹಿಡಿಯುವುದು ಇವಳ ಕೆಲಸ. ಆ ತಿರುವಿನ ಅಂಗಡಿಯ ಕಟ್ಟೆಯ ಹಿಂದೆ ಅಂಥ ಕೈ ಒಂದು ಇದ್ದಿದ್ದರೆ ಅನ್ನಿಸಿತು. ಅನ್ನಿಸಿ ಏನು ಬಂತು.

"ಈಗ ಹೇಳು, ಯಾವುದು ಆರಿಸ್ತೀ? ನೀನು ಆರಿಸಿದ್ದನ್ನ ನನ್ನ ಸಂಬಳದಲ್ಲಿ ಕೊಂಡು ತರ್ತೀನಿ. ಅಮಾವಾಸ್ಯೆಗೆ ತಾತಯ್ಯನ ಎಲೆ ಮುಂದೆ ಇಡೋಣ."

ಅವಳಿಗೆ ಬೇಕಾದದ್ದು ತಾತನ ತೃಪ್ತಿ ಅಲ್ಲ, ನನಗೆ ಗೊತ್ತು. ಅವಳ ತಾತನನ್ನು ಅವಳು ನೋಡಿಯೇ ಇಲ್ಲ. ಅವಳ ಕೆಲಸ ಒಂದು ಸಲವಾದರೂ ಈ ಮನೆಯ ಒಳಗೆ ಬರಬೇಕಿತ್ತು, ಅಮ್ಮನ ಕಣ್ಣ ಮುಂದೆ ಕೂರಬೇಕಿತ್ತು. ಕೊನೆಗೆ ಬೆಲ್ಲದ ವಾಸನೆಯದನ್ನು ಮುಂದಕ್ಕೆ ಸರಿಸಿದೆ. ಅವರೂ ಹೊಸಬರೇ ಕಣವ್ವ, ಅಂದೆ. ಇಡೀ ಜೀವಮಾನ ಮೂಗು ಹಿಡಕೊಂಡು ಕುಡಿದ ಮನುಷ್ಯ, ಒಂದು ದಿನವೂ ರುಚಿ ನೋಡಲಿಲ್ಲ.

ಅಷ್ಟರಲ್ಲಿ ಬಾಗಿಲ ಬೀಗ ತಿರುಗಿತು. ಸ್ಕೂಲಿಗೆ ಅವತ್ತು ಅರ್ಧ ದಿನವಂತೆ. ಸುಮಿ ಬಾಗಿಲು ತೆಗೆದವಳು ಒಳಗೆ ಬರಲಿಲ್ಲ. ಹೆಗಲ ಮೇಲಿನ ಬ್ಯಾಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹೊಸ್ತಿಲ ಆಚೆಯೇ ನಿಂತಳು. ಮೇಜು ಅವಳಿಗೆ ಅಲ್ಲಿಂದ ಕಾಣುತ್ತಿರಲಿಲ್ಲ. ಗಾಳಿ ಹೇಳಿತ್ತು.

"ಅವ್ವಾ," ಅಂದಳು ಸಣ್ಣ ದನಿಯಲ್ಲಿ, "ಯಾರು ಬಂದಿದ್ರು?"

ಅರ್ಧ ತಲೆ ನೆರೆತ ಹೆಂಗಸಿನ ದನಿ ಅಲ್ಲ ಅದು. ಪಕ್ಕದ ಮನೆಯಿಂದ, ಈಗ ಬರಲಾ ಅಂತ ಕೇಳುತ್ತಿದ್ದ ಹುಡುಗಿಯ ದನಿ. ನಾನು ಹೋಗಿ ಕೈ ಹಿಡಿದು ಒಳಗೆ ಕರೆದುಕೊಂಡು ಬಂದೆ. ಸೀಸೆಗಳನ್ನು ನೋಡಿದಳು, ಬೆನ್ನು ತಿರುಗಿಸಿದ ಅಪ್ಪನನ್ನು ನೋಡಿದಳು. ಲಾಸ್ಯಾ ತನ್ನ ಪರೀಕ್ಷೆಯ ವಿಷಯ, ಎಡೆಯ ವಿಷಯ ಎಲ್ಲ ಒಂದೇ ಉಸಿರಿಗೆ ಹೇಳಿದಳು. ಸುಮಿ ಪೂರ್ತಿ ಕೇಳಿದಳು. ತಿಂಗಳುಗಳಿಂದ ಮಗಳಿಗೆ ಆಡದಿದ್ದ ಮಾತು ಆಗ ಬಂತು.

"ನೀನು ನಗ್ತಾ ಯಾರಿಗೆ ಬಗ್ಗಿಸ್ತೀಯೋ, ಅವರ ಚಪ್ಪಲಿ ಕಾಯ್ತಾ ಎಲ್ಲೋ ಒಂದು ಕೂಸು ಕೂತಿರುತ್ತೆ. ಅದನ್ನ ಕಲಿಸಿದ್ರಾ ನಿಮಗೆ?"

ಅಂದವಳೇ ರೂಮಿಗೆ ಹೋದಳು. ಯಾವ ಚಪ್ಪಲಿ ಅಂತ ಲಾಸ್ಯಾ ನನ್ನ ಮುಖ ನೋಡಿದಳು. ಈ ಮನೆಯಲ್ಲಿ ನಾವು ಆ ಮಾತನ್ನು ಎತ್ತುತ್ತಿರಲಿಲ್ಲ. ಅವತ್ತು ಹೇಳಿದೆ.

ಸುಮಿ ಇನ್ನೂ ಚಿಕ್ಕವಳು, ಬೆಜವಾಡದಲ್ಲಿ ದಸರಾದ ದಿನಗಳು. ಇಂದ್ರಕೀಲಾದ್ರಿ ಬೆಟ್ಟದ ಮೇಲೆ ದೇವಿಯ ದರ್ಶನಕ್ಕೆ ಜನವೋ ಜನ. ನಮ್ಮವರು ಸುಮಿಯನ್ನು ಕರೆದುಕೊಂಡು ಹೋಗಿದ್ದರು. ಅವತ್ತು ಬೆಳಿಗ್ಗೆಯಿಂದ ಕುಡಿದಿರಲಿಲ್ಲ, ನಾನೇ ಮೂಸಿ ಕಳಿಸಿದ್ದೆ. ಬೆಟ್ಟದ ಬುಡದಲ್ಲಿ ಚಪ್ಪಲಿ ಬಿಟ್ಟು, ಇದನ್ನ ನೋಡ್ಕೊಂಡಿರು, ಪೂಜೆ ಸಾಮಾನು ತರ್ತೀನಿ ಅಂತ ಹೇಳಿ ಹೋದರು. ಹೋದವರು ತಿರುಗಿ ಬಂದದ್ದು ಮನೆಗೆ, ದೀಪ ಹಚ್ಚುವ ಹೊತ್ತಿಗೆ, ಒಬ್ಬರೇ. ಕೂಸೆಲ್ಲಿ ಅಂದರೆ ಯಾವ ಕೂಸು ಅಂದರು. ನಾನು ಓಡಿದೆ. ಆ ಜಾತ್ರೆಯಂಥ ಜನದೊಳಗೆ ಸುಮಿ ಒಂದು ಮೆಟ್ಟಿಲ ಮೂಲೆಯಲ್ಲಿ ಅಪ್ಪನ ಚಪ್ಪಲಿಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಅಳುತ್ತಿರಲಿಲ್ಲ. ನನ್ನನ್ನು ನೋಡಿ ಕೇಳಿದ ಮೊದಲ ಮಾತು, ಅಪ್ಪನ ಕಾಲು ಸುಡಲಿಲ್ಲವಾ ಅಂತ. ಸುಟ್ಟಿತ್ತು. ಬಿಸಿಲಿಗೆ ಕಾದ ರೋಡಿನಲ್ಲಿ ಬರಿಗಾಲಲ್ಲಿ ನಡೆದು ಅಂಗಾಲೆಲ್ಲ ಬೊಬ್ಬೆ ಎದ್ದಿತ್ತು. ಅವರಿಗೆ ಅದು ಮಾರನೆಯ ದಿನದವರೆಗೂ ಗೊತ್ತಾಗಲಿಲ್ಲ.

ಲಾಸ್ಯಾ ಕೇಳಿಸಿಕೊಂಡು ಸೀಸೆಗಳನ್ನೆಲ್ಲ ಬ್ಯಾಗಿಗೆ ಹಾಕಿದಳು. ಈ ಹುಡುಗಿ ಇನ್ನು ಆ ಕೋಟು ತೊಡುವುದಿಲ್ಲ ಅನ್ನಿಸಿತು. ಬೆಳಿಗ್ಗೆ ನೋಡಿದರೆ ತೊಟ್ಟುಕೊಂಡೇ ಅಡುಗೆಮನೆ ಬಾಗಿಲಿಗೆ ಬಂದು ನಿಂತಳು. ಸುಮಿ ಬೆನ್ನು ಮಾಡಿ ಈರುಳ್ಳಿ ಹೆಚ್ಚುತ್ತಿದ್ದಳು.

"ಅಮ್ಮಾ, ನಾನು ಕೇಳ್ತೀನಿ. ಎರಡನೇದು ಬಗ್ಗಿಸೋ ಮುಂಚೆ ಪ್ರತಿಯೊಬ್ಬರನ್ನೂ ಕೇಳ್ತೀನಿ. ನಿಮಗೋಸ್ಕರ ಯಾರಾದ್ರೂ ಕಾಯ್ತಿದ್ದಾರಾ ಸರ್, ಅಂತ."

ಸುಮಿ ತಿರುಗಲಿಲ್ಲ. ಈರುಳ್ಳಿ ಹೆಚ್ಚುವ ಸದ್ದು ಮಾತ್ರ ನಿಂತು, ಮತ್ತೆ ಶುರುವಾಯಿತು. ಪರೀಕ್ಷೆ ಚೆನ್ನಾಗಿಯೇ ಆಯಿತಂತೆ. ಅದನ್ನು ಲಾಸ್ಯಾ ನನಗೊಬ್ಬಳಿಗೇ ಫೋನಿನಲ್ಲಿ ಪಿಸುಗುಟ್ಟಿದಳು.

ಅಮಾವಾಸ್ಯೆ ಬಂತು. ಇಡಲೋ ಬೇಡವೋ ಅಂತ ಸುಮಿಯನ್ನೇ ಕೇಳಿದೆ. ನಿನ್ನ ಗಂಡ, ನಿನ್ನಿಷ್ಟ ಅಂದಳು. ನಿನಗೂ ಅಪ್ಪ ಅಲ್ಲವೇನೇ ಅಂದೆ. ಅವಳು ಹೋಗಿ ಕೋಳಿ ಸಾರು ಮಾಡಿದಳು, ವಡೆ ಕರಿದಳು, ಅವರಿಗೆ ಇಷ್ಟವಾದ ಮೆಣಸಿನಕಾಯಿ ಬಜ್ಜಿಯನ್ನೂ ಮಾಡಿದಳು. ಎಲೆ ಹಾಕಿ ಎಲ್ಲ ಬಡಿಸಿದ ಮೇಲೆ ಲಾಸ್ಯಾ ಬೆಲ್ಲದ ವಾಸನೆಯದರ ಚಿಕ್ಕ ಬಾಟಲಿ ತಂದು, ಈ ಲೋಟಕ್ಕೆ ತಳ ಮುಚ್ಚುವಷ್ಟು ಬಗ್ಗಿಸಿ, ಚಮಚದಿಂದ ನಾಲ್ಕು ಹನಿ ನೀರು ಬಿಟ್ಟು ಎಲೆಯ ಪಕ್ಕ ಇಟ್ಟಳು. ಸುಮಿ ಗೋಡೆಗೆ ಒರಗಿ ನೋಡುತ್ತಿದ್ದಳು. ಬೇಡ ಅನ್ನಲಿಲ್ಲ.

ಎಡೆ ಇಟ್ಟ ಮೇಲೆ ಹಿರಿಯರು ಬಂದು ಉಣ್ಣಲಿ ಅಂತ ಬಾಗಿಲು ಮುಂದೆ ಮಾಡಿ ಮನೆಯವರೆಲ್ಲ ಹೊರಗೆ ನಿಲ್ಲಬೇಕು. ಅಪಾರ್ಟ್‌ಮೆಂಟಿನ ವರಾಂಡದಲ್ಲಿ ನಾವು ನಾಲ್ವರೂ ಸಾಲಾಗಿ ನಿಂತೆವು. ಮೇಲಿನ ಮನೆಯ ಬ್ಯಾಂಕಿನವರ ಹೆಂಡತಿ ಮಗುವನ್ನು ಎತ್ತಿಕೊಂಡು ಹೋಗುತ್ತಿದ್ದವಳು, ಬೀಗ ಬಿದ್ದುಹೋಯಿತಾ ಅಜ್ಜಿ, ಬೀಗದವನನ್ನು ಕರೆಸಲಾ ಅಂದಳು. ಒಳಗೆ ನೆಂಟರಿದ್ದಾರೆ ಅಂದೆ. ಆಕೆ ಮಗುವನ್ನು ಬಿಗಿಯಾಗಿ ಹಿಡಿದುಕೊಂಡು ಬೇಗ ಬೇಗ ಮೆಟ್ಟಿಲು ಹತ್ತಿದಳು.

ಸ್ವಲ್ಪ ಹೊತ್ತಾದ ಮೇಲೆ ಶೇಖರ ಪದ್ಧತಿಯಂತೆ ಕೆಮ್ಮಿ ಬಾಗಿಲು ತಳ್ಳಿದರು. ಲಾಸ್ಯಾ ಓಡಿಹೋಗಿ ಬಗ್ಗಿ ಲೋಟ ನೋಡಿದಳು.

"ಹಾಗೇ ಇದೆ. ತಾತಯ್ಯಗೆ ಇಷ್ಟ ಆಗಲಿಲ್ಲ."

"ಇಷ್ಟ ಆಗಿದ್ರೆ ಕಷ್ಟ ಇತ್ತು," ಅಂದಳು ಸುಮಿ.

ಲಾಸ್ಯಾ ಅಮ್ಮನ ಮುಖ ನೋಡಿದಳು. ಸುಮಿ ಆಗಲೇ ಎಲೆ ಎತ್ತಲು ಬಗ್ಗಿದ್ದಳು.

ಎಡೆಯದ್ದನ್ನು ಚೆಲ್ಲಬಾರದು, ಮನೆಯವರು ಉಣ್ಣಬೇಕು. ಕೋಳಿ, ವಡೆ, ಬಜ್ಜಿ ಎಲ್ಲ ಹಂಚಿಕೊಂಡೆವು. ಲೋಟ ಹಾಗೇ ಉಳಿಯಿತು. ಶೇಖರ ಜನ್ಮದಲ್ಲಿ ಮುಟ್ಟಿದವರಲ್ಲ. ಲಾಸ್ಯಾ ನುಂಗುವವಳಲ್ಲ. ಸುಮಿಯನ್ನು ಕೇಳುವ ಹಾಗೇ ಇಲ್ಲ. ಕಟ್ಟಿಕೊಂಡವಳು ನಾನು ತಾನೇ ಅಂತ ಎತ್ತಿಕೊಂಡೆ. ಮೊಮ್ಮಗಳು ಕಲಿಸಿದ ಹಾಗೆ ಬಾಯಿ ಸ್ವಲ್ಪ ತೆರೆದು ಮೂಸಿದೆ, ಬೆಲ್ಲ. ಸಣ್ಣ ಗುಟುಕು ತೆಗೆದುಕೊಂಡು ನಾಲಿಗೆಯ ಮೇಲೆ ಆಡಿಸಿದೆ. ಬೆಲ್ಲ ಎಲ್ಲಿ ಹೋಯಿತೋ. ಬೆಂಕಿ, ಅದರ ಹಿಂದೆ ಕಹಿ. ಹಾಗಲಕಾಯಿಯ ಕಹಿ ಅಲ್ಲ, ಬೇವಿನದಲ್ಲ. ಗಂಟಲಲ್ಲಿ ನಿಂತು ಇಳಿಯದ ಕಹಿ. ಬೆಲ್ಲದ ವಾಸನೆಯದೇ ಹೀಗಿದ್ದರೆ ಅವರು ಮೂಗು ಹಿಡಿದು ಕುಡಿದದ್ದು ಇನ್ನು ಹೇಗಿದ್ದೀತು. ಕೆಮ್ಮು ನಿಂತ ಮೇಲೆ ಫೋಟೋ ಕಡೆ ತಿರುಗಿದೆ.

"ಇದಕ್ಕೇನಾ?" ಅಂದೆ.

ಅವರು ಎಂದಿನ ಹಾಗೆ ಸುಮ್ಮನಿದ್ದರು. ನನಗೆ ಸಿಟ್ಟು ಬಂತು. ಇದರಲ್ಲಿ ಏನಿದೆ, ನನಗಿಂತ, ಸುಮಿಗಿಂತ ಹೆಚ್ಚಿನದು ಏನಿತ್ತು, ಅದನ್ನು ಕಂಡೇ ಬಿಡಬೇಕು ಅನ್ನುವ ಹಾಗೆ ಲೋಟವನ್ನು ಮತ್ತೆ ಬಾಯಿಗೆ ಎತ್ತಿದೆ.

ಲೋಟಕ್ಕೂ ನನ್ನ ಬಾಯಿಗೂ ನಡುವೆ ಒಂದು ಅಂಗೈ ಅಡ್ಡ ಬಂತು. ಈರುಳ್ಳಿ ವಾಸನೆಯ ಅಂಗೈ.

"ಸಾಕವ್ವ," ಅಂದಳು ಸುಮಿ.

ನನ್ನ ಕೈಯಿಂದ ಲೋಟ ಬಿಡಿಸಿಕೊಂಡು ಬಾಲ್ಕನಿಗೆ ಹೋಗಿ, ಉಳಿದದ್ದನ್ನು ಕರಿಬೇವಿನ ಕುಂಡಕ್ಕೆ ಸುರಿದಳು. ಚೆಲ್ಲಿದ ಹಾಗೂ ಆಗಲಿಲ್ಲ, ಕುಡಿದ ಹಾಗೂ ಆಗಲಿಲ್ಲ. ಲೋಟವನ್ನು ಸೋಪು ಹಾಕಿ ತೊಳೆದಳು, ಮೂಸಿ ನೋಡಿದಳು, ಮತ್ತೊಮ್ಮೆ ತೊಳೆದಳು. ಒರೆಸಿ ಸ್ಟೀಲ್ ಲೋಟಗಳ ಸಾಲಿನ ಕೊನೆಗೆ ಬೋರಲು ಹಾಕಿದಳು. ಆಮೇಲೆ ಕುರ್ಚಿಯ ಮೇಲೆ ಬಿದ್ದಿದ್ದ ಕರಿ ಕೋಟನ್ನು ಎತ್ತಿ, ಒಮ್ಮೆ ಕೊಡವಿ, ಕೈಗೆ ಹಾಕಿಕೊಂಡು ಇಸ್ತ್ರಿ ಪೆಟ್ಟಿಗೆ ಹುಡುಕಲು ಹೋದಳು. ಬಾಗಿಲಲ್ಲಿ ನಿಂತು ಮಗಳನ್ನು ಕೇಳಿದಳು:

"ನಾಳೆ ಡ್ಯೂಟಿ ಎಷ್ಟೊತ್ತಿಗೆ?"